ಉಂಗುರ, ಆಸ್ಪತ್ರೆ, ಆರೋಪ: ಸತ್ಯಸಾಯಿ ಬಾಬಾ ಕುರಿತು ನ್ಯಾಯವಾಗಿ ಬರೆಯುವುದು ಹೇಗೆ?

ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಬಗ್ಗೆ ಒಂದು ಪುಟ ಬರೆಯಲು ಕೂತರೆ ಎರಡನೇ ವಾಕ್ಯಕ್ಕೇ ಕಷ್ಟ ಶುರುವಾಗುತ್ತದೆ. ಆಗಿನ ಅನಂತಪುರ ಜಿಲ್ಲೆಯ ಪುಟ್ಟಪರ್ತಿಯಲ್ಲಿ 1926ರ ನವೆಂಬರ್ 23ರಂದು ಹುಟ್ಟಿದರು. ಮನೆಯವರು ಇಟ್ಟ ಹೆಸರು ಸತ್ಯನಾರಾಯಣ ರಾಜು. ಹದಿನಾಲ್ಕು ತುಂಬುವ ಮೊದಲೇ, 1940ರಲ್ಲಿ, ತಾನು ಶಿರಡಿ ಸಾಯಿಬಾಬಾ ಮರಳಿ ಬಂದವನು ಎಂದು ಸಾರಿದರು ಎನ್ನುತ್ತದೆ ಆಶ್ರಮದ ಚರಿತ್ರೆ. 2011ರ ಏಪ್ರಿಲ್ 24ರಂದು ತೀರಿಕೊಂಡರು. ಇಷ್ಟಕ್ಕೆ ದೊಡ್ಡ ತಕರಾರು ಬರುವುದಿಲ್ಲ. ಆಮೇಲೆ ಅವರು ಏನಾಗಿದ್ದರು ಅಂತ ಬರೆಯಬೇಕಲ್ಲ? ಅವತಾರಪುರುಷ ಎಂದರೆ ವಿಚಾರವಾದಿಗಳು ಮುಂದೆ ಓದುವುದಿಲ್ಲ. ಕೈಚಳಕದ ಬಾಬಾ ಎಂದರೆ ಲಕ್ಷಾಂತರ ಮನೆಗಳಲ್ಲಿ ಮನಸ್ಸು ಮುರಿಯುತ್ತದೆ. ಇಬ್ಬರನ್ನೂ ಸಮಾಧಾನ ಮಾಡಲು ಹೊರಟವರು ‘ಕೆಲವರು ದೇವರೆಂದರು, ಕೆಲವರು ವಂಚಕರೆಂದರು’ ಅಂತ ಬರೆದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಹೋಗುತ್ತಾರೆ.

ಈ ಮೂರನೆಯ ದಾರಿಯನ್ನು ನಿಷ್ಪಕ್ಷಪಾತ ಅಂತ ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ. ಓದುವವನಿಗೆ ಬೇಕಾದದ್ದು ಯಾರು ಏನೆಂದರು ಎಂಬ ಪಟ್ಟಿಯಲ್ಲ. ಹಾಗೆಂದವರಿಗೆ ಅದು ಹೇಗೆ ಗೊತ್ತಾಯಿತು? ಅವರು ಎಲ್ಲಿ ನಿಂತು ನೋಡಿದರು? ನೋಡಿದ್ದನ್ನು ಇದ್ದಂತೆ ಹೇಳಲು ಅವರಿಗೆ ಅಡ್ಡಿ ಏನಾದರೂ ಇತ್ತೇ? ಇಷ್ಟನ್ನು ಕೇಳದೆ ಎರಡೂ ಕಡೆಗೆ ಸಮ ಸಮ ಸಾಲು ಹಂಚುವುದು ಬರೆಯುವವನ ಅಂಜಿಕೆ ಮಾತ್ರ.

ಇದು ಪಕ್ಕದ ರಾಜ್ಯದವರ ವಿಷಯ ಅಂತ ಕನ್ನಡಿಗರು ಸುಮ್ಮನಿರುವಂತೆಯೂ ಇಲ್ಲ. ಬಾಬಾ ಅವರ ಜೀವನಚರಿತ್ರೆಗೆ ಮೊದಲ ಆಕರ ಅಂತ ಇವತ್ತಿಗೂ ಎಲ್ಲರೂ ಕೈಗೆತ್ತಿಕೊಳ್ಳುವ ‘ಸತ್ಯಂ ಶಿವಂ ಸುಂದರಂ’ ಸಂಪುಟಗಳನ್ನು ಬರೆದವರು ನಮ್ಮ ನಾ. ಕಸ್ತೂರಿ. ಹುಟ್ಟಿದ್ದು ಕೇರಳದಲ್ಲಾದರೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು, ‘ಕೊರವಂಜಿ’ಯಲ್ಲಿ ಬರೆದು ನಾಡನ್ನು ನಗಿಸಿದವರು, ‘ಅನರ್ಥಕೋಶ’ದ ಕರ್ತೃ. ಒಂದೊಂದು ಪದದ ಹೊಟ್ಟೆ ಸೀಳಿ ಅದರೊಳಗಿನ ಸೋಗನ್ನು ಹೊರಗೆಳೆದ ಮನುಷ್ಯ. ಅವರೇ 1948ರಲ್ಲಿ ಬಾಬಾರನ್ನು ಕಂಡರು, ಕಾಲಾಂತರದಲ್ಲಿ ಆಶ್ರಮವಾಸಿಯಾದರು, 1958ರಲ್ಲಿ ಶುರುವಾದ ‘ಸನಾತನ ಸಾರಥಿ’ ಪತ್ರಿಕೆಯ ಸಂಪಾದಕರಾದರು. ವಿ.ಕೃ. ಗೋಕಾಕರೂ ಬಾಬಾ ಭಕ್ತರೇ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಅವರು ಮುಂದೆ 1981ರಲ್ಲಿ ಪುಟ್ಟಪರ್ತಿಯ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. ಬಾಬಾ ತೆಲುಗಿನಲ್ಲಿ ಮಾತಾಡಿದ್ದನ್ನು ಎಷ್ಟೋ ಸಲ ವೇದಿಕೆಯ ಮೇಲೆ ಇಂಗ್ಲಿಷಿಗೆ ತರುತ್ತಿದ್ದವರು ಸೂರಿ ಭಗವಂತಂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಭೌತವಿಜ್ಞಾನಿ ಅವರು.

ಗೋಕಾಕರು ಕೂತಿದ್ದ ಅದೇ ಬೆಂಗಳೂರು ವಿಶ್ವವಿದ್ಯಾನಿಲಯದ ಕುರ್ಚಿಗೆ ಸ್ವಲ್ಪ ವರ್ಷದಲ್ಲಿ ಇನ್ನೊಬ್ಬ ಭೌತವಿಜ್ಞಾನಿ ಬಂದರು. ಗೌರಿಬಿದನೂರು ತಾಲೂಕಿನ ಹೊಸೂರಿನವರು, ಖಾದಿ ಜುಬ್ಬಾ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೇ ಮನೆ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ವಿಶ್ವವಿದ್ಯಾನಿಲಯದಿಂದಲೇ ಒಂದು ಸಮಿತಿ ಮಾಡಿದರು. ಸಮಿತಿಯ ಮುಂದೆ ಪವಾಡ ತೋರಿಸಿಕೊಡಬೇಕೆಂದು ಕೋರಿ ಬಾಬಾ ಅವರಿಗೆ ಮೂರು ಪತ್ರ ಬರೆದರು. ದೇಶದಲ್ಲಿ ತುರ್ತುಪರಿಸ್ಥಿತಿ ಇದ್ದ ಕಾಲ ಅದು. ಪ್ರಭಾವಿಗಳ ಸಾಲೇ ವೈಟ್‌ಫೀಲ್ಡಿನ ಬೃಂದಾವನ ಆಶ್ರಮದಲ್ಲಿ ನೆಲದ ಮೇಲೆ ಕೂರುತ್ತಿದ್ದಾಗ ಒಂದು ಸರ್ಕಾರಿ ವಿಶ್ವವಿದ್ಯಾನಿಲಯದ ಕುಲಪತಿ ಹೀಗೆ ಪತ್ರ ಬರೆದದ್ದು ಸಣ್ಣ ಧೈರ್ಯವಲ್ಲ. ಮೂರಕ್ಕೂ ಉತ್ತರ ಬರಲಿಲ್ಲ. ಬಾಬಾ ತಮ್ಮ ನಿಲುವನ್ನು ಹೇಳಿದ್ದು ಅದೇ ವರ್ಷ ಮುಂಬಯಿಯ ‘ಬ್ಲಿಟ್ಜ್’ ವಾರಪತ್ರಿಕೆಯ ಆರ್.ಕೆ. ಕರಂಜಿಯಾ ಅವರಿಗೆ ಕೊಟ್ಟ ಸಂದರ್ಶನದಲ್ಲಿ: ವಿಜ್ಞಾನ ಇಂದ್ರಿಯಗಳ ಗಡಿಯೊಳಗಿನದು, ಅಧ್ಯಾತ್ಮ ಆ ಗಡಿಯಾಚೆಗಿನದು, ಹಾಗಾಗಿ ಅದರಿಂದ ಇದನ್ನು ಅಳೆಯಲಾಗದು ಎಂಬ ಅರ್ಥದ ಮಾತು.

ನನಗೆ ಈ ಉತ್ತರ ಸಾಲದು. ಬ್ರಹ್ಮದ ಬಗ್ಗೆ ಹೇಳುವಾಗ ಅದು ಸರಿಯಾದ ಮಾತೇ. ಬಾಬಾ ಕೈ ಆಡಿಸಿ ಗಾಳಿಯಿಂದ ಎಂಬಂತೆ ತೆಗೆದು ಕೊಡುತ್ತಿದ್ದ ಉಂಗುರ ಬ್ರಹ್ಮವಲ್ಲ. ಅದು ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಹಿಡಿಸುತ್ತದೆ, ತಕ್ಕಡಿಯಲ್ಲಿ ತೂಗುತ್ತದೆ. ಇಂದ್ರಿಯಗಳಿಗೆ ನಿಲುಕುವ ವಸ್ತುವನ್ನೇ ಸಾಕ್ಷಿಯಾಗಿ ಕೊಟ್ಟ ಮೇಲೆ ಇಂದ್ರಿಯಗಳ ಪರೀಕ್ಷೆ ಬೇಡ ಅನ್ನುವುದು ಹೇಗೆ? ಉಂಗುರದ ಬದಲು ಒಂದು ಕುಂಬಳಕಾಯಿ ಸೃಷ್ಟಿಸಲಿ ಅಂತ ಎಚ್ಚೆನ್ ಕೇಳಿದ್ದು ನಮ್ಮಲ್ಲಿ ಮನೆಮಾತಾಗಿದೆ. ಅದನ್ನು ಬರೀ ತಮಾಷೆಯಾಗಿ ನೆನೆಯುವವರು ಅದರೊಳಗಿನ ಶಿಸ್ತನ್ನು ಮರೆಯುತ್ತಾರೆ. ತೋಳಿನಲ್ಲಿ, ಬೆರಳ ಸಂದಿಯಲ್ಲಿ ಅಡಗದ ವಸ್ತು ಯಾವುದು ಅಂತ ಯೋಚಿಸಿ ಕೇಳಿದ ಪ್ರಶ್ನೆ ಅದು. ಇಡೀ ಪ್ರಯೋಗದ ವಿನ್ಯಾಸ ಒಂದು ತರಕಾರಿಯ ಹೆಸರಿನಲ್ಲಿದೆ. ಅದೇ ಸಮಿತಿ ಪಾಂಡವಪುರದಲ್ಲಿ ವಿಭೂತಿ ಬರಿಸುತ್ತಿದ್ದ ಒಬ್ಬ ಬಾಲಕನನ್ನು ನೋಡಲು ಹೋದಾಗ ವಿಭೂತಿ ಅವನ ಬಟ್ಟೆಯೊಳಗೆ ಬಚ್ಚಿಟ್ಟದ್ದು ಸಿಕ್ಕಿತು. ಇದು ಆ ಹುಡುಗನ ಬಗ್ಗೆ ಸಾಕ್ಷಿ, ಪುಟ್ಟಪರ್ತಿಯ ಬಗ್ಗೆ ಅಲ್ಲ. ಬಾಬಾ ವಿರುದ್ಧ ಬರೆಯುವವರು ಇದನ್ನು ಅಲ್ಲಿಗೆ ತಂದು ಅಂಟಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ನನ್ನ ಚಿಕ್ಕಮ್ಮ ಗುರುವಾರದ ಭಜನೆ ತಪ್ಪಿಸಿದವರಲ್ಲ. ಅವರ ಹತ್ತಿರ ಈ ಮಾತು ಎತ್ತಿದಾಗ ಒಲೆಯ ಮೇಲಿನ ಹಾಲು ಇಳಿಸಿ ಬಂದು ಎದುರಿಗೆ ಕೂತರು.

“ನೀನು ಪುಸ್ತಕ ಓದಿ ಹೇಳ್ತೀಯ ಕಣೇ. ನಾನು ಕಣ್ಣಾರೆ ಕಂಡಿದೀನಿ.”

“ಏನು ಕಂಡ್ರಿ ಚಿಕ್ಕಮ್ಮ? ಕೈಯಿಂದ ವಿಭೂತಿ ಉದುರಿದ್ದು ಕಂಡ್ರೋ, ಅದಕ್ಕೆ ಮುಂಚೆ ಆ ಕೈಯಲ್ಲಿ ಏನೂ ಇರಲಿಲ್ಲ ಅನ್ನೋದನ್ನೂ ಕಂಡ್ರೋ?”

ಅವರು ತುಸು ಹೊತ್ತು ಯೋಚಿಸಿ ಹೇಳಿದರು: “ಸ್ವಾಮಿ ಕೈ ಆಡಿಸಿದ್ದು ಕಂಡೆ. ಉದುರಿದ್ದು ಕಂಡೆ. ಮುಂಚಿನದು ನೋಡ್ಬೇಕು ಅಂತ ನಂಗೆ ಅನ್ನಿಸಲೇ ಇಲ್ಲ.”

ಇಷ್ಟು ಪ್ರಾಮಾಣಿಕವಾದ ಸಾಕ್ಷ್ಯ ನನಗೆ ಪುಸ್ತಕಗಳಲ್ಲಿ ಅಪರೂಪಕ್ಕೆ ಸಿಕ್ಕಿದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ ಇರಬೇಕು. ಚಿಕ್ಕಮ್ಮ ಸುಳ್ಳು ಹೇಳುತ್ತಿಲ್ಲ. ಅವರು ಕಂಡದ್ದು ನಿಜ. ಕಂಡದ್ದರಿಂದ ಶೂನ್ಯದಲ್ಲಿ ವಸ್ತು ಹುಟ್ಟಿತು ಎನ್ನುವುದಕ್ಕೆ ಹೋಗುವ ನಡುವಿನ ಹೆಜ್ಜೆಯನ್ನು ಅವರೂ ಕಂಡಿಲ್ಲ, ಭಗವಂತಂ ಅವರೂ ಕಂಡಿಲ್ಲ. ಇಂಥ ದೊಡ್ಡ ವಿಜ್ಞಾನಿಯೇ ಒಪ್ಪಿದ್ದಾರಲ್ಲ ಎಂಬ ವಾದ ನಮ್ಮಲ್ಲಿ ಬಹಳ ಚಲಾವಣೆಯಲ್ಲಿದೆ. ಬೆಳಕಿನ ಚದುರಿಕೆಯ ಬಗ್ಗೆ ಅವರ ಮಾತಿಗೆ ನಾನು ತಲೆಬಾಗುತ್ತೇನೆ. ಬೆರಳಿನ ಚಲನೆಯ ಬಗ್ಗೆ ಕೇಳಬೇಕಾದ್ದು ಜಾದೂಗಾರರನ್ನು. ಪ್ರಕೃತಿ ಮೋಸ ಮಾಡುವುದಿಲ್ಲವಾದ್ದರಿಂದ ಪ್ರಯೋಗಶಾಲೆಯಲ್ಲಿ ಪಳಗಿದ ಕಣ್ಣಿಗೆ ಮೋಸ ಹಿಡಿಯುವ ಅಭ್ಯಾಸ ಇರಲೇಬೇಕೆಂದಿಲ್ಲ.

ಕೇರಳದಲ್ಲಿ ಹುಟ್ಟಿ ಸಿಂಹಳದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್ ಮಾಡಿದ ಒಂದು ಕೆಲಸವನ್ನು ಆಕರ ಪರಿಶೀಲನೆಯ ಪಾಠವಾಗಿ ಕಾಲೇಜುಗಳಲ್ಲಿ ಹೇಳಿಕೊಡಬೇಕು. ಜಪಾನಿನ ಸೀಕೋ ಗಡಿಯಾರ ಕಂಪನಿಯ ಒಡೆಯರು ಪುಟ್ಟಪರ್ತಿಗೆ ಬಂದರು, ಜಪಾನಿನ ತಿಜೋರಿಯಲ್ಲಿ ಬೀಗ ಹಾಕಿಟ್ಟು ಬಂದಿದ್ದ ಹೊಸ ಮಾದರಿಯ ವಾಚನ್ನೇ ಬಾಬಾ ಗಾಳಿಯಿಂದ ತೆಗೆದು ಕೊಟ್ಟರು ಅಂತ ಭಕ್ತರ ನಡುವೆ ಒಂದು ಕಥೆ ಓಡಾಡುತ್ತಿತ್ತು. ಕೋವೂರ್ ವಾದಕ್ಕೆ ಇಳಿಯಲಿಲ್ಲ. ಕಂಪನಿಯ ಮುಖ್ಯಸ್ಥ ಶೋಜಿ ಹತ್ತೋರಿ ಅವರಿಗೆ ಪತ್ರ ಹಾಕಿದರು. ತಮಗೆ ಬಾಬಾ ಅವರ ಪರಿಚಯವೇ ಇಲ್ಲ, ಈ ಪ್ರಸಂಗವೂ ಗೊತ್ತಿಲ್ಲ ಅಂತ ಉತ್ತರ ಬಂತು. ಮುಗಿಯಿತು. ಆ ಕಥೆ ಹೇಳುತ್ತಿದ್ದವರಲ್ಲಿ ಅದನ್ನು ಕಟ್ಟಿದವರು ಯಾರೂ ಇಲ್ಲದಿರಬಹುದು. ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಅದು ಬೆಳೆದಿರಬಹುದು. ಆದರೆ ಅದರ ಕೊನೆಯ ತುದಿಯಲ್ಲಿರುವ ಮನುಷ್ಯನಿಗೆ ಒಂದು ಅಂಚೆ ಚೀಟಿಯ ಖರ್ಚಿನಲ್ಲಿ ಕೇಳಬಹುದು ಅಂತ ಅಷ್ಟು ಜನರಲ್ಲಿ ಯಾರಿಗೂ ತೋಚಿರಲಿಲ್ಲ.

ವಿರೋಧಿಗಳ ಕಡೆಯ ಸಾಕ್ಷ್ಯಕ್ಕೂ ಇದೇ ಪರೀಕ್ಷೆ ಬೇಕು. 1992ರಲ್ಲಿ ಹೈದರಾಬಾದಿನ ಒಂದು ಸಮಾರಂಭದಲ್ಲಿ ಬಾಬಾ ಚಿನ್ನದ ಸರ ಬರಿಸಿದ್ದನ್ನು ದೂರದರ್ಶನದವರು ಚಿತ್ರೀಕರಿಸಿದರು. ಪಕ್ಕದಲ್ಲಿದ್ದ ಸಹಾಯಕರಿಂದ ಸರ ಕೈ ಬದಲಾಯಿತು ಎಂದು ಆ ಟೇಪನ್ನು ಮುಂದಿಟ್ಟುಕೊಂಡು ‘ಡೆಕ್ಕನ್ ಕ್ರಾನಿಕಲ್’ ಬರೆಯಿತು. ಕೊಯಮತ್ತೂರಿನ ಜಾದೂಗಾರ, ವಿಚಾರವಾದಿ ಬಿ. ಪ್ರೇಮಾನಂದ್ ಅದನ್ನು ಊರೂರಿಗೆ ಒಯ್ದರು. (ಗಾಳಿಯಿಂದ ಚಿನ್ನ ತೆಗೆಯುವುದು ಚಿನ್ನ ನಿಯಂತ್ರಣ ಕಾಯಿದೆಯ ಉಲ್ಲಂಘನೆ ಅಂತ ಅದಕ್ಕೂ ಮೊದಲೇ ನ್ಯಾಯಾಲಯಕ್ಕೆ ಹೋಗಿದ್ದವರೂ ಅವರೇ. ಅದು ವಜಾ ಆಯಿತು.) ಆ ದೃಶ್ಯ ನೋಡಿದರೆ ನನಗೂ ಕೈಚಳಕ ಅಂತಲೇ ಅನ್ನಿಸುತ್ತದೆ. ಆದರೆ ಐಸ್‌ಲೆಂಡಿನ ಮನಶ್ಶಾಸ್ತ್ರಜ್ಞ ಎರ್ಲೆಂದುರ್ ಹರಾಲ್ಡ್‌ಸನ್ ಅವರಿಗೆ ಅದು ನಿರ್ಣಾಯಕ ಅನ್ನಿಸಲಿಲ್ಲ. ಎಪ್ಪತ್ತರ ದಶಕದಿಂದ ಮತ್ತೆ ಮತ್ತೆ ಬಂದು ಭಕ್ತರನ್ನೂ ಬಿಟ್ಟು ಹೋದವರನ್ನೂ ಮಾತಾಡಿಸಿದವರು ಅವರು. ನಿಯಂತ್ರಿತ ಪರೀಕ್ಷೆಗೆ ಬಾಬಾ ಒಪ್ಪಲಿಲ್ಲ ಎಂದೂ ಬರೆದರು, ಮೋಸವನ್ನು ತಾವು ನೇರವಾಗಿ ಹಿಡಿಯಲಿಲ್ಲ ಎಂದೂ ಬರೆದರು. 1971ರಲ್ಲಿ ಮದ್ರಾಸಿನಲ್ಲಿ ಅಮೆರಿಕದ ಭಕ್ತರೊಬ್ಬರನ್ನು ಬಾಬಾ ಸಾವಿನಿಂದ ಎಬ್ಬಿಸಿದರೆಂಬ ಕಥೆಯ ಬೆನ್ನು ಹತ್ತಿದಾಗ ಆ ಮನುಷ್ಯ ಸತ್ತಿದ್ದರು ಎನ್ನುವುದಕ್ಕೆ ವೈದ್ಯರಿಂದ ಆಧಾರ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರ ತೀರ್ಮಾನಗಳನ್ನೆಲ್ಲ ನಾನು ಒಪ್ಪುವುದಿಲ್ಲ. ತನ್ನ ಒಲವಿಗೆ ವಿರುದ್ಧವಾದದ್ದನ್ನೂ ದಾಖಲಿಸುವವನನ್ನು ಮಾತ್ರ ನಾನು ಮತ್ತೆ ಮತ್ತೆ ಓದುತ್ತೇನೆ.

ಅಂಕಿಸಂಖ್ಯೆಗಳ ಕಥೆಯಂತೂ ಇನ್ನೂ ಸಡಿಲ. ಭಕ್ತರ ಸಂಖ್ಯೆ ಒಂದು ಕಡೆ 60 ಲಕ್ಷ, ಇನ್ನೊಂದು ಕಡೆ 10 ಕೋಟಿ. ಸದಸ್ಯತ್ವದ ಪುಸ್ತಕವೇ ಇಲ್ಲದ ಕಡೆ ಇವರು ಎಣಿಸಿದ್ದು ಹೇಗೆ? ಬಾಬಾ ತೀರಿಕೊಂಡಾಗ ಅವರ ಹೆಸರಿನ ಟ್ರಸ್ಟಿನ ಆಸ್ತಿ 40,000 ಕೋಟಿ ರೂಪಾಯಿ ಅಂತ ಪತ್ರಿಕೆಗಳು ಬರೆದವು, ಕೆಲವು ಅದನ್ನೂ ಮೀರಿ ಲಕ್ಷ ಕೋಟಿ ದಾಟಿಸಿದವು. ಒಂದು ಪತ್ರಿಕೆಯ ಅಂದಾಜು ಇನ್ನೊಂದಕ್ಕೆ ಆಧಾರವಾಯಿತು. ಇದಕ್ಕೆ ಹೋಲಿಸಿದರೆ 2011ರ ಜೂನ್‌ನಲ್ಲಿ ಅವರ ಖಾಸಗಿ ನಿವಾಸ ಯಜುರ್ ಮಂದಿರದ ಬಾಗಿಲು ತೆಗೆದಾಗ ಸಿಕ್ಕ 98 ಕಿಲೋ ಚಿನ್ನ, 307 ಕಿಲೋ ಬೆಳ್ಳಿ, 11.56 ಕೋಟಿ ರೂಪಾಯಿ ನಗದು ಎಂಬ ಲೆಕ್ಕ ಬೇರೆ ದರ್ಜೆಯದು. ಅದನ್ನು ಎಣಿಸಿ, ತೂಗಿ, ಹೊರಗೆ ಹೇಳಿದ್ದು ಟ್ರಸ್ಟೇ.

ಈಗ ಬಾಬಾ ಟ್ರಸ್ಟಿನ ಆಸ್ಪತ್ರೆ. ಪುಟ್ಟಪರ್ತಿಯದು 1991ರಲ್ಲಿ, ವೈಟ್‌ಫೀಲ್ಡಿನದು 2001ರ ಜನವರಿಯಲ್ಲಿ ಶುರುವಾದವು. ಹೃದಯದ ಆಪರೇಷನ್ ಅಂದರೆ ಹೊಲ ಮಾರಬೇಕು ಎಂಬ ಸ್ಥಿತಿಯಲ್ಲಿರುವ ಮನೆಯವರು ಅಲ್ಲಿ ಬಿಲ್ ಕಟ್ಟುವ ಕೌಂಟರ್ ಹುಡುಕಿ, ಅಂಥದ್ದು ಇಲ್ಲ ಅಂತ ಗೊತ್ತಾದಾಗ ನಿಂತಲ್ಲೇ ಅಳುತ್ತಾರೆ. ಅನಂತಪುರ ಜಿಲ್ಲೆಯ ಫ್ಲೋರೈಡ್ ನೀರು ಕುಡಿದು ಮೂಳೆ ಸವೆಸಿಕೊಂಡ ನೂರಾರು ಹಳ್ಳಿಗಳಿಗೆ ತೊಂಬತ್ತರ ದಶಕದಲ್ಲಿ ಟ್ರಸ್ಟಿನಿಂದ ಕೊಳಾಯಿ ನೀರು ಬಂತು. ಅಂಚೆ ಇಲಾಖೆ 1999ರಲ್ಲಿ ಆ ಯೋಜನೆಯ ನೆನಪಿಗೆ ಚೀಟಿ ತಂದಿತು. ಇದಕ್ಕೆ ಸಾಕ್ಷಿ ಭಕ್ತರು ಮಾತ್ರವಲ್ಲ. ಪೈಪು ಇದೆ, ಗುಣವಾಗಿ ಮನೆಗೆ ಹೋದ ರೋಗಿಗಳಿದ್ದಾರೆ. ಬಾಬಾ ಬಗ್ಗೆ ಏನೇ ಅಭಿಪ್ರಾಯವಿರಲಿ, ಇದನ್ನು ಮುಖ ಸೊಟ್ಟ ಮಾಡಿಕೊಂಡು ಅರ್ಧ ವಾಕ್ಯದಲ್ಲಿ ಬರೆದು ಮುಗಿಸುವುದು ಅನ್ಯಾಯ.

ಮಕ್ಕಳು, ಯುವಕರ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು ಎಂಬ ಆರೋಪಕ್ಕೆ ಆಸ್ಪತ್ರೆಯನ್ನು ಉತ್ತರವಾಗಿ ಕೊಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಈ ಆರೋಪಗಳು ಎಪ್ಪತ್ತರ ದಶಕದಲ್ಲೇ ಒಬ್ಬ ಅಮೆರಿಕನ್ ಮಾಜಿ ಭಕ್ತನ ಪುಸ್ತಕದಲ್ಲಿದ್ದವು. 2000ರಲ್ಲಿ ಬ್ರಿಟನ್ನಿನ ಮಾಜಿ ಭಕ್ತ ದಂಪತಿ ಹಲವರ ಹೇಳಿಕೆ ಸಂಗ್ರಹಿಸಿ ಹೊರತಂದ ಮೇಲೆ ದೊಡ್ಡ ಸುದ್ದಿಯಾಯಿತು. ಅದೇ ಸೆಪ್ಟೆಂಬರಿನಲ್ಲಿ ಪುಟ್ಟಪರ್ತಿಯಲ್ಲಿ ನಡೆಯಲಿದ್ದ ಶಿಕ್ಷಣ ಸಮ್ಮೇಳನದಿಂದ ಯುನೆಸ್ಕೋ ಹಿಂದೆ ಸರಿಯಿತು, ಹಿಂದೆ ಸರಿದ ಕಾರಣಗಳಲ್ಲಿ ಈ ಆರೋಪಗಳನ್ನೂ ಹೇಳಿತು. ಡಿಸೆಂಬರಿನಲ್ಲಿ ‘ಇಂಡಿಯಾ ಟುಡೇ’ ಮುಖಪುಟ ಲೇಖನ ಮಾಡಿತು. 2004ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಬಾಬಾ 2000ರ ಕ್ರಿಸ್‌ಮಸ್ ದಿನದ ಭಾಷಣದಲ್ಲಿ ಆರೋಪ ಮಾಡುವವರನ್ನು ಯೇಸುವಿಗೆ ದ್ರೋಹ ಬಗೆದ ಯೂದನಿಗೆ ಹೋಲಿಸಿದರು. ಈ ಆರೋಪಗಳ ಬಗ್ಗೆ ಭಾರತದಲ್ಲಿ ಅವರ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಾಬಾ ಸಂಸ್ಥೆಯೊಂದರ ಮೇಲೆ ಯುವಕನೊಬ್ಬ ಹೂಡಿದ್ದ ದಾವೆಯನ್ನು 2006ರಲ್ಲಿ ಅವನ ಕಡೆಯವರೇ ಹಿಂತೆಗೆದುಕೊಂಡರು.

ಇವನ್ನು ತೂಗುವುದು ಹೇಗೆ? ಬಿಟ್ಟು ಹೋದವರು ಸೇಡಿಗೆ ಹೇಳುತ್ತಾರೆ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಮುಚ್ಚಿದ ಬಾಗಿಲಿನ ಹಿಂದೆ ನಡೆದದ್ದನ್ನು ಒಳಗಿದ್ದವರಲ್ಲದೆ ಹೊರಗಿನವರು ಹೇಳಲಾದೀತೇ? ದೌರ್ಜನ್ಯಕ್ಕೆ ಒಳಗಾದವನು ಭಕ್ತನಾಗಿಯೇ ಉಳಿದಿರಬೇಕು ಅಂತ ಕೇಳುವುದು ಯಾವ ನ್ಯಾಯ? ಅದೇ ಹೊತ್ತಿಗೆ, ಹಲವರ ಹೇಳಿಕೆ ಒಂದೇ ತರಹ ಇದ್ದರೆ ಅವರು ಪರಸ್ಪರ ಓದಿಕೊಂಡಿದ್ದರೋ, ಗುರುತೇ ಇಲ್ಲದವರೋ, ಸಾರ್ವಜನಿಕವಾಗುವ ಮೊದಲು ಹೇಳಿದ್ದೋ ಆಮೇಲೋ ಅಂತ ನೋಡಬೇಕು. ಬೇರೆ ಬೇರೆ ದೇಶದವರು ಬೇರೆ ಬೇರೆ ದಶಕಗಳಲ್ಲಿ ಹೇಳಿದ್ದಕ್ಕೆ ನಾನು ತೂಕ ಕೊಡುತ್ತೇನೆ. ಸಾಬೀತಾಗಿದೆ ಅಂತ ಬರೆಯುವುದಿಲ್ಲ. ತನಿಖೆಯೇ ನಡೆಯದ ಕಡೆ ನಿರ್ದೋಷಿ ಅಂತಲೂ ಬರೆಯುವುದಿಲ್ಲ.

2001ರ ಡಿಸೆಂಬರಿನಲ್ಲಿ ಒಂದು ಬಹಿರಂಗ ಪತ್ರ ಬಂತು. ಆರೋಪಗಳೆಲ್ಲ ಕಟ್ಟುಕಥೆ ಎಂದ ಆ ಪತ್ರಕ್ಕೆ ಸಹಿ ಹಾಕಿದವರು ಪ್ರಧಾನಿ ವಾಜಪೇಯಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪಿ.ಎನ್. ಭಗವತಿ, ರಂಗನಾಥ ಮಿಶ್ರ, ಜತೆಗೆ ನಜ್ಮಾ ಹೆಪ್ತುಲ್ಲಾ, ಶಿವರಾಜ್ ಪಾಟೀಲ್. ಇದಕ್ಕಿಂತ ದೊಡ್ಡ ಹೆಸರುಗಳು ಬೇಕೇ ಅಂತ ಕೇಳುತ್ತಾರೆ. ನಾನು ಕೇಳುವುದು ಬೇರೆ. ಇವರಲ್ಲಿ ಯಾರು ಆ ಯುವಕರೊಬ್ಬರನ್ನಾದರೂ ಕರೆಸಿ ಮಾತಾಡಿಸಿದ್ದರು? ವಾಜಪೇಯಿ ಅದೇ ವರ್ಷ ವೈಟ್‌ಫೀಲ್ಡ್ ಆಸ್ಪತ್ರೆ ಉದ್ಘಾಟಿಸಿದ್ದವರು. ಭಗವತಿ ಬಾಬಾ ಅವರ ಕೇಂದ್ರೀಯ ಟ್ರಸ್ಟಿನ ಟ್ರಸ್ಟಿಗಳಲ್ಲಿ ಒಬ್ಬರಾಗಿದ್ದವರು. ಜೀವಮಾನವಿಡೀ ಸಾಕ್ಷಿಗಳನ್ನು ವಿಚಾರಿಸಿದ ನ್ಯಾಯಮೂರ್ತಿಗಳು ಸಾಕ್ಷಿಯನ್ನು ವಿಚಾರಿಸದೆಯೇ ತೀರ್ಪು ಬರೆದದ್ದು ನನ್ನ ಮನಸ್ಸನ್ನು ಇವತ್ತಿಗೂ ಕೊರೆಯುತ್ತದೆ. ಆ ಪತ್ರ ಬಾಬಾ ಅವರಿಗಿದ್ದ ಪ್ರಭಾವಕ್ಕೆ ಒಳ್ಳೆಯ ಪುರಾವೆ. ಆರೋಪದ ಸತ್ಯಾಸತ್ಯತೆಯ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಐಸಾಕ್ ಟಿಗ್ರೆಟ್. ಹಾರ್ಡ್ ರಾಕ್ ಕೆಫೆಯ ಸ್ಥಾಪಕರಲ್ಲಿ ಒಬ್ಬರು, ಪುಟ್ಟಪರ್ತಿ ಆಸ್ಪತ್ರೆಗೆ ದೊಡ್ಡ ಮೊತ್ತ ಕೊಟ್ಟವರು, ಬಾಬಾ ಭಕ್ತರು. ಆರೋಪಗಳಲ್ಲಿ ನಿಜವಿದೆ ಎಂದೇ ತಾನು ನಂಬುತ್ತೇನೆ, ಆದರೂ ತನ್ನ ಭಕ್ತಿ ಬದಲಾಗದು ಎಂಬರ್ಥದ ಮಾತನ್ನು ಅವರು ಬಿಬಿಸಿಯ ಕ್ಯಾಮೆರಾ ಮುಂದೆ ಆಡಿದರು. ಹಾಗೆ ಹೇಳುವುದರಿಂದ ಅವರಿಗೆ ಯಾವ ಲಾಭವೂ ಇರಲಿಲ್ಲ. ಹಾಗಂತ ಅದು ಕಣ್ಣಿನ ಸಾಕ್ಷ್ಯವೂ ಅಲ್ಲ, ನಂಬಿಕೆಯ ಹೇಳಿಕೆ. ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯಬೇಕಾಗುತ್ತದೆ.

ಇದೆಲ್ಲ ಪಶ್ಚಿಮದಿಂದ ಬಂದ ಅಳತೆಗೋಲು ಅಂತ ಮೂಗು ಮುರಿಯುವವರು ನಮ್ಮದೇ ತರ್ಕಶಾಸ್ತ್ರದ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯವನ್ನು ಒಮ್ಮೆ ತೆಗೆಯಬೇಕು. ಶಬ್ದಪ್ರಮಾಣಕ್ಕೆ, ಅಂದರೆ ಇನ್ನೊಬ್ಬರ ಮಾತಿನಿಂದ ಪಡೆಯುವ ಅರಿವಿಗೆ, ಆಪ್ತ (ನಂಬತಕ್ಕವನು) ಯಾರು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ವಿಷಯವನ್ನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯಿಂದ ಹೇಳುವವನು. ಆಮೇಲೆ ಬರುವ ಮಾತು ನನಗೆ ಬಹಳ ಇಷ್ಟ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಕಸ್ತೂರಿಯವರಿಗೂ ಬಿಬಿಸಿಗೂ, ಬೃಂದಾವನದಲ್ಲಿ ಕೂತ ನ್ಯಾಯಮೂರ್ತಿಗೂ ಸ್ವೀಡನ್ನಿನಿಂದಲೋ ಅಮೆರಿಕದಿಂದಲೋ ಬಂದು ಮನ ಮುರಿದು ಹೋದ ಹುಡುಗನಿಗೂ ಅದೇ ಲಕ್ಷಣ. ಕಸ್ತೂರಿಯವರನ್ನೇ ಹಾಗೆ ನೋಡಿದರೆ, ಆಶ್ರಮದ ದಿನಚರಿ, ಐವತ್ತರ ದಶಕದ ಪುಟ್ಟಪರ್ತಿಯ ರಸ್ತೆ, ಬಂದವರು, ಹೋದವರು, ಆಡಿದ ಮಾತು, ಇವಕ್ಕೆಲ್ಲ ಅವರು ಆಪ್ತರು. ಬಾಬಾ ಅವರ ಬಾಲ್ಯದ ಪವಾಡಗಳನ್ನು ಅವರು ಕಂಡಿಲ್ಲ, ಕೇಳಿ ಬರೆದದ್ದು. ಒಂದೇ ಪುಸ್ತಕದ ಒಂದು ಅಧ್ಯಾಯವನ್ನು ನಂಬಿ ಇನ್ನೊಂದನ್ನು ನಂಬದಿರುವುದರಲ್ಲಿ ಲೇಖಕರಿಗೆ ಅವಮಾನವೇನೂ ಇಲ್ಲ.

1993ರ ಜೂನ್ 6ರ ರಾತ್ರಿಯ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ. ಬಾಬಾ ನಿವಾಸಕ್ಕೆ ನುಗ್ಗಿದ ನಾಲ್ವರು ಪೊಲೀಸರ ಗುಂಡಿಗೆ ಸತ್ತರು, ಅದಕ್ಕೆ ಮೊದಲು ಇಬ್ಬರು ಸೇವಕರು ಅವರ ಕೈಯಲ್ಲಿ ಸತ್ತರು. ನಾಲ್ವರನ್ನು ಜೀವಂತ ಹಿಡಿಯಬಹುದಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದ ವಿಚಾರಣೆ ನ್ಯಾಯಾಲಯದಲ್ಲಿ ನಡೆಯಲೇ ಇಲ್ಲ. ಇಷ್ಟು ಮಾತ್ರ ಬರೆಯಬಹುದು. ಬರೆಯಲೇಬೇಕು.

2011ರ ನಂತರ ವಿಷಯ ಇನ್ನೊಂದು ಮಗ್ಗುಲಿಗೆ ಹೊರಳಿತು. 1960ರ ಒಂದು ಭಾಷಣದಲ್ಲಿ ಇನ್ನೂ 59 ವರ್ಷ ಈ ದೇಹದಲ್ಲಿರುತ್ತೇನೆ ಎಂದಿದ್ದ ಬಾಬಾ 84ನೇ ವಯಸ್ಸಿನಲ್ಲಿ ತೀರಿಕೊಂಡಾಗ, 27 ದಿನದ ನಕ್ಷತ್ರಮಾಸದ ಲೆಕ್ಕ ಹಿಡಿದರೆ ಆಯುಸ್ಸು ಸರಿಹೋಗುತ್ತದೆ ಎಂದು ಭಕ್ತರು ವಿವರಿಸಿದರು. ಭಾಷಣದ ಮೂಲ ಪಾಠವನ್ನೂ ಈ ವಿವರಣೆಯನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ಟೀಕೆ ಬೇಕಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಬಾಬಾ ಸೂಕ್ಷ್ಮ ಶರೀರದಲ್ಲಿ ಬಂದು ಮಾತಾಡುತ್ತಿದ್ದಾರೆ ಎಂಬ ಮಾತು ಎದ್ದಾಗ ಅದನ್ನು ಒಪ್ಪದೆ ದೂರವಿಟ್ಟದ್ದು ಪುಟ್ಟಪರ್ತಿಯ ಟ್ರಸ್ಟು. ಯಾರು ಕಂಡರು, ಹೇಗೆ ನಂಬುವುದು ಅಂತ ಈ ಸಲ ಕೇಳಿದವರು ಭಕ್ತರೇ. ಎಚ್ಚೆನ್ ಹುಟ್ಟಿದ ಊರೂ ಈಗ ಅದೇ ಜಿಲ್ಲೆಯಲ್ಲಿದೆ.

ಬರೆಯುವಾಗ ನಾನು ಪಾಲಿಸುವುದು ಕಾಲಾನುಕ್ರಮ. ಸೇವೆಗೆ ಒಂದು ಭಾಗ, ‘ವಿವಾದಗಳು’ ಅಂತ ಕೊನೆಯಲ್ಲಿ ಒಂದು ಭಾಗ ಮಾಡಿದರೆ ಓದುವವನು ಅಲ್ಲಿಗೆ ತಲುಪುವ ಹೊತ್ತಿಗೆ ಮನಸ್ಸು ಗಟ್ಟಿಯಾಗಿರುತ್ತದೆ. ಆರೋಪವನ್ನು ಮೊದಲ ಸಾಲಿಗೆ ಎಳೆದು ತಂದರೂ ಅಷ್ಟೇ. 1991ರಲ್ಲಿ ಆಸ್ಪತ್ರೆ, 1993ರಲ್ಲಿ ಆರು ಹೆಣ, 1995ರಲ್ಲಿ ಕುಡಿಯುವ ನೀರಿನ ಕೆಲಸ, 2000ದಲ್ಲಿ ಆರೋಪ, 2001ರ ಜನವರಿಯಲ್ಲಿ ಇನ್ನೊಂದು ಆಸ್ಪತ್ರೆ, ಡಿಸೆಂಬರಿನಲ್ಲಿ ಆ ಪತ್ರ. ನಡೆದದ್ದು ಹೀಗೆ ಒಂದರೊಳಗೊಂದು ಹೆಣೆದುಕೊಂಡೇ.

ಕರಡನ್ನು ಚಿಕ್ಕಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬಿಲ್ ಕೌಂಟರ್ ಇಲ್ಲದ ಆಸ್ಪತ್ರೆಯ ಸಾಲು ತೆಗೆಯಬೇಡ ಎಂದರು. ಅದನ್ನು ತೆಗೆಯುವ ಮಾತೇ ಇರಲಿಲ್ಲ, ಹಾಗೇ ಹೇಳಿದೆ. ಯುನೆಸ್ಕೋ ಬಗ್ಗೆ ಬರೆದದ್ದನ್ನು ಬಿಟ್ಟುಬಿಡು, ಸತ್ತವರ ವಿಷಯ ಯಾಕೆ ಎಂದರು. ಆ ಹುಡುಗರು ಸತ್ತಿಲ್ಲ ಚಿಕ್ಕಮ್ಮ, ಅಂದೆ. ಆ ಸಾಲೂ ಹಾಗೇ ಇದೆ.